ಉಬ್ಬುವ ಮಣ್ಣಿಗೆ ನೀರು ತಡೆಯುವ ಕೆಲಸ

ಗದಗ, ಧಾರವಾಡ, ವಿಜಯಪುರದ ಎರೆ ಸೀಮೆಯಲ್ಲಿ ಮನೆ ಕಟ್ಟುವವರಿಗೆ ಪಾಯದ ಚಿಂತೆ ತಪ್ಪಿದ್ದಲ್ಲ. ಮಳೆ ಬಿದ್ದಾಗ ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ. ಬೇಸಿಗೆಯಲ್ಲಿ ಕುಗ್ಗಿ, ಕೈ ಇಳಿಯುವಷ್ಟು ಅಗಲಕ್ಕೆ ಬಾಯಿ ಬಿಡುತ್ತದೆ. ಅದರ ಮೇಲೆ ನಿಂತ ಗೋಡೆಯೂ ಬಿರಿಯುತ್ತದೆ. ಈ ಚಾಳಿಗೆ ಕಾರಣ ಆ ಮಣ್ಣಿನಲ್ಲಿ ಹೇರಳವಾಗಿರುವ ಸ್ಮೆಕ್ಟೈಟ್ ಗುಂಪಿನ ಖನಿಜಗಳು, ಅದರಲ್ಲೂ ಮಾಂಟ್‌ಮೊರಿಲೊನೈಟ್. ಫ್ರಾನ್ಸಿನ ಮಾಂಟ್‌ಮೊರಿಲಾನ್ ಎಂಬ ಊರಿನಿಂದ 1847ರಲ್ಲಿ ಅದಕ್ಕೆ ಆ ಹೆಸರು ಬಂತು. ಅತಿ ತೆಳುವಾದ ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತೆ ಅದರ ರಚನೆ. ನೀರು ಆ ಹಾಳೆಗಳ ನಡುವೆ ನುಗ್ಗಿ ಅವನ್ನು ದೂರ ತಳ್ಳುವುದೇ ಉಬ್ಬುವಿಕೆ. ವಿಚಿತ್ರವೆಂದರೆ, ಇದೇ ಖನಿಜವನ್ನು ತೊಳೆದು, ಶುದ್ಧಮಾಡಿ, ರಾಸಾಯನಿಕವಾಗಿ ಪಳಗಿಸಿ, ‘ನ್ಯಾನೊಕ್ಲೇ’ ಎಂಬ ಹೆಸರಿನಲ್ಲಿ ಸಸ್ಯನಾರು ಮತ್ತು ಮರುಬಳಕೆಯ ಪ್ಲಾಸ್ಟಿಕ್ ಬೆರೆಸಿದ ಹಲಗೆಗಳಿಗೆ ಹಾಕುತ್ತಾರೆ. ಹಾಕಿದವರು ಹೆಚ್ಚಾಗಿ ಹೊಗಳಿಕೊಳ್ಳುವುದು ಹಲಗೆಗೆ ಬಂದ ಬಲವನ್ನು. ಆ ಹೊಗಳಿಕೆ ದಾರಿ ತಪ್ಪಿಸುತ್ತದೆ ಎಂಬುದು ನನ್ನ ವಾದ. ಈ ಮಣ್ಣಿನಿಂದ ಪಡೆಯಬೇಕಾದದ್ದು ಬಲವನ್ನಲ್ಲ, ನೀರಿನ ವಿರುದ್ಧ ಒಂದಿಷ್ಟು ಕಾಲಾವಕಾಶವನ್ನು. ಹಾಗೆಂದು ಒಪ್ಪಿದರೆ ಅದನ್ನು ಎಷ್ಟು ಹಾಕಬೇಕು, ಹಲಗೆಯ ಯಾವ ಭಾಗಕ್ಕೆ ಹಾಕಬೇಕು, ಎಲ್ಲಿ ಹಾಕಲೇಬಾರದು ಎಂಬ ಪ್ರಶ್ನೆಗಳಿಗೆಲ್ಲ ಈಗಿನದಕ್ಕಿಂತ ಬೇರೆಯೇ ಉತ್ತರ ಬರುತ್ತದೆ.

ಮೊದಲು ಹಲಗೆಯನ್ನೇ ನೋಡೋಣ. ಅಡಿಕೆ ಸಿಪ್ಪೆ, ತೆಂಗಿನ ನಾರು, ಕತ್ತಾಳೆ, ಭತ್ತದ ಹೊಟ್ಟು, ಮರದ ಹೊಟ್ಟು ಇವೆಲ್ಲ ಅಗ್ಗದ ನಾರಿನ ಮೂಲಗಳು. ಇವನ್ನು ಒಣಗಿಸಿ, ಕರಗಿದ ಪ್ಲಾಸ್ಟಿಕ್ಕಿನೊಡನೆ ಎಕ್ಸ್‌ಟ್ರೂಡರ್ ಯಂತ್ರದಲ್ಲಿ ಅರೆದು ಒತ್ತಿದರೆ ಮರದಂತೆ ಕೊಯ್ಯಬಹುದಾದ, ಮೊಳೆ ಹೊಡೆಯಬಹುದಾದ ಸರಕು ಸಿಗುತ್ತದೆ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲೂ ಈ ಬಗೆಯ ಸಂಶೋಧನೆ ನಡೆದಿದೆ. ಆದರೆ ಯಾವ ಪ್ಲಾಸ್ಟಿಕ್ ಆದರೂ ನಡೆಯುವುದಿಲ್ಲ. ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸಸ್ಯನಾರು ಕಂದಿ ಸುಡತೊಡಗುತ್ತದೆ. 130 ಡಿಗ್ರಿಯ ಆಸುಪಾಸಿನಲ್ಲಿ ಕರಗುವ ಎಚ್‌ಡಿಪಿಇ (ಹೆಚ್ಚು ಸಾಂದ್ರತೆಯ ಪಾಲಿಎಥಿಲೀನ್), 165ರ ಸುತ್ತ ಕರಗುವ ಪಾಲಿಪ್ರೊಪಿಲೀನ್ ಇದಕ್ಕೆ ಒದಗುತ್ತವೆ. 250ರ ಹತ್ತಿರ ಕರಗುವ ನೀರಿನ ಬಾಟಲಿಯ ಪೆಟ್ ಒದಗುವುದಿಲ್ಲ. (ನಮ್ಮ ಅಂಗಡಿಗಳಲ್ಲಿ ‘ಡಬ್ಲ್ಯುಪಿಸಿ’, ಅಂದರೆ ಮರ-ಪ್ಲಾಸ್ಟಿಕ್ ಬೆರಕೆ, ಎಂದು ಮಾರುವ ಬಾಗಿಲು, ಚೌಕಟ್ಟುಗಳಲ್ಲಿ ಬಹಳಷ್ಟು ಪಿವಿಸಿ ನೊರೆಹಲಗೆಗಳು; ಅವುಗಳ ಕಥೆ ಬೇರೆ.) ಇಷ್ಟಾದ ಮೇಲೂ ನಾರಿಗೂ ಪ್ಲಾಸ್ಟಿಕ್ಕಿಗೂ ಹೊಂದಾಣಿಕೆ ಕಷ್ಟ. ನಾರಿನ ಮೈತುಂಬ ಹೈಡ್ರಾಕ್ಸಿಲ್ ಗುಂಪುಗಳು, ಅವಕ್ಕೆ ನೀರೆಂದರೆ ಪ್ರೀತಿ. ಪಾಲಿಎಥಿಲೀನಿಗೆ ನೀರೆಂದರೆ ಆಗದು. ಇವೆರಡರ ನಡುವೆ ಸಂಧಾನಕ್ಕೆ ನಿಲ್ಲುವುದು ಮಲೇಯಿಕ್ ಅನ್‌ಹೈಡ್ರೈಡ್ ಕಸಿ ಮಾಡಿದ ಪ್ಲಾಸ್ಟಿಕ್. ಅದರ ಒಂದು ತುದಿ ನಾರಿಗೆ ಅಂಟುತ್ತದೆ, ಉಳಿದ ಮೈ ಪ್ಲಾಸ್ಟಿಕ್ಕಿನಲ್ಲಿ ಬೆರೆಯುತ್ತದೆ. ಈ ಸಂಧಾನಕಾರನಿಲ್ಲದೆ ಮಾಡಿದ ಹಲಗೆಯಲ್ಲಿ ನಾರು ಬರೀ ತುಂಬುವ ಸಾಮಾನು. ಎಳೆದರೆ ಕೋಶದಿಂದ ಕತ್ತಿ ಬಂದಂತೆ ಜಾರಿ ಬರುತ್ತದೆ.

ನ್ಯಾನೊಕ್ಲೇ ಬಗೆಗಿನ ಉತ್ಸಾಹ ಹುಟ್ಟಿದ್ದು ಈ ಹಲಗೆಗಳಲ್ಲಿ ಅಲ್ಲ, ಜಪಾನಿನ ಕಾರು ಕಂಪನಿಯಲ್ಲಿ. 1980ರ ದಶಕದ ಕೊನೆಗೆ ಟೊಯೊಟಾದ ಸಂಶೋಧಕರು ನೈಲಾನ್-6ರಲ್ಲಿ ಶೇಕಡಾ ಐದಕ್ಕೂ ಕಡಿಮೆ ಜೇಡಿಮಣ್ಣು ಬೆರೆಸಿದರು. ಭಾರ ಹೊತ್ತಾಗ ಆ ನೈಲಾನ್ ಬಾಗತೊಡಗುವ ಉಷ್ಣತೆ 65 ಡಿಗ್ರಿಯ ಸುತ್ತಿನಿಂದ 140 ಡಿಗ್ರಿ ದಾಟಿತು, ಬಲವೂ ಗಣನೀಯವಾಗಿ ಹೆಚ್ಚಿತು, ಎಂಜಿನ್ನಿನ ಟೈಮಿಂಗ್ ಬೆಲ್ಟಿನ ಮುಚ್ಚಳವಾಗಿ ಅದು ಬಳಕೆಗೂ ಬಂತು. ಲೆಕ್ಕ ನೋಡಿದರೆ ಆಶ್ಚರ್ಯವೂ ಇಲ್ಲ. ಈ ಮಣ್ಣಿನ ಒಂದು ಹಾಳೆಯ ದಪ್ಪ ಸುಮಾರು ಒಂದು ನ್ಯಾನೊಮೀಟರ್, ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಅಗಲ ಅದರ ನೂರು ಪಟ್ಟು ಅಥವಾ ಇನ್ನೂ ಹೆಚ್ಚು. ಒಂದೇ ಒಂದು ಗ್ರಾಂ ಮಣ್ಣಿನ ಹಾಳೆಗಳನ್ನೆಲ್ಲ ಬಿಡಿಸಿ ಹಾಸಿದರೆ 700 ಚದರ ಮೀಟರ್ ದಾಟುತ್ತದೆ, ನಮ್ಮ 30×40ರ ಸೈಟುಗಳ ಲೆಕ್ಕದಲ್ಲಿ ಆರಕ್ಕಿಂತ ಹೆಚ್ಚು. ಹಾಳೆಯ ಗಡಸುತನ ಉಕ್ಕಿನ ಸಮೀಪಕ್ಕೆ ಬರುತ್ತದೆ. ಆದರೆ ಟೊಯೊಟಾದವರ ಗೆಲುವಿನ ಗುಟ್ಟು ಬೆರೆಸಿದ್ದರಲ್ಲಿರಲಿಲ್ಲ, ಬಿಡಿಸಿದ್ದರಲ್ಲಿತ್ತು. ಅವರು ನೈಲಾನನ್ನು ಮಣ್ಣಿನ ಹಾಳೆಗಳ ನಡುವೆಯೇ ಬೆಳೆಸಿದರು. ಬೆಳೆಯುತ್ತ ಅದು ಹಾಳೆಗಳನ್ನು ಒಂದೊಂದಾಗಿ ದೂರ ಸರಿಸಿತು. ನೈಲಾನಿಗೆ ಮಣ್ಣಿನೊಡನೆ ರಾಸಾಯನಿಕ ನಂಟೂ ಇದೆ.

ಗುಜರಿಯಿಂದ ಬಂದ ಎಚ್‌ಡಿಪಿಇ ಡಬ್ಬಕ್ಕೆ, ಪಾಲಿಪ್ರೊಪಿಲೀನ್ ಬಕೆಟ್ಟಿಗೆ ಆ ನಂಟಿಲ್ಲ. ಮಣ್ಣಿನ ಪದರಗಳ ನಡುವೆ ಇರುವ ಸೋಡಿಯಂ ಅಯಾನುಗಳನ್ನು ತೆಗೆದು, ಉದ್ದ ಬಾಲದ ಅಮೋನಿಯಂ ಸಂಯುಕ್ತಗಳನ್ನು ತುಂಬಿ, ಮಣ್ಣನ್ನು ಎಣ್ಣೆಯ ಸ್ವಭಾವಕ್ಕೆ ಒಗ್ಗಿಸಿದರೂ, ಕರಗಿದ ಪಾಲಿಎಥಿಲೀನ್ ಪದರಗಳ ನಡುವೆ ನುಸುಳುತ್ತದೆಯೇ ಹೊರತು ಅವನ್ನು ಪೂರ್ತಿ ಬಿಡಿಸುವುದು ಅಪರೂಪ. ಹಾಳೆಗಳು ಹತ್ತು, ಇಪ್ಪತ್ತರ ಕಟ್ಟಾಗಿಯೇ ಉಳಿಯುತ್ತವೆ. ಆ ಅಮೋನಿಯಂ ಬಾಲಗಳೂ 200 ಡಿಗ್ರಿಯ ಹತ್ತಿರ ಕಳಚತೊಡಗುತ್ತವೆ, ಆದ್ದರಿಂದ ಯಂತ್ರವನ್ನು ಹೆಚ್ಚು ಬಿಸಿಮಾಡಿ ಗುದ್ದಿ ಬಿಡಿಸುತ್ತೇವೆಂದರೂ ನಡೆಯದು. ಅದಕ್ಕೇ ನಾರು-ಪ್ಲಾಸ್ಟಿಕ್ ಹಲಗೆಗಳ ಮೇಲಿನ ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಾಣುವ ಚಿತ್ರ ಒಂದೇ: ಒಂದರಿಂದ ಮೂರು ಶೇಕಡಾ ಮಣ್ಣು ಹಾಕಿದಾಗ ಗಡಸು ಹೆಚ್ಚುತ್ತದೆ, ಎಳೆಯುವ ಬಲ ಅಷ್ಟಿಷ್ಟು ಏರುತ್ತದೆ, ನಾಲ್ಕೈದು ದಾಟಿದ ಮೇಲೆ ಮಣ್ಣು ಗಂಟುಕಟ್ಟಿ ಬಲ ಮತ್ತೆ ಇಳಿಯುತ್ತದೆ, ಪೆಟ್ಟು ತಾಳುವ ಗುಣ ಬಹುಮಟ್ಟಿಗೆ ಮೊದಲಿನಿಂದಲೇ ಕುಂದುತ್ತದೆ. ಬರೀ ಗಡಸು ಬೇಕೆಂದರೆ ಬಹಳ ಕಡಿಮೆ ಬೆಲೆಯ ಟಾಲ್ಕ್ ಪುಡಿ ಆ ಕೆಲಸವನ್ನು ಮಾಡುತ್ತದೆ. ಬಲ ಬೇಕೆಂದರೆ ಮಲೇಯಿಕ್ ಸಂಧಾನಕಾರನಿಗೆ ಕೊಟ್ಟ ಹಣ ಹೆಚ್ಚು ಫಲ ಕೊಡುತ್ತದೆ. ನೈಲಾನಿನ ಕೀರ್ತಿಯನ್ನು ಬಕೆಟ್ಟಿನ ಪ್ಲಾಸ್ಟಿಕ್ಕಿಗೆ ತೊಡಿಸಿದರೆ ಎರವಲು ಅಂಗಿಯ ತೋಳು ಉದ್ದವೇ ಆಗುತ್ತದೆ.

ಹಾಗಾದರೆ ಹಲಗೆ ಸಾಯುವುದು ಯಾತರಿಂದ? ಬಲ ಸಾಲದೆ ಮುರಿದು ಬೀಳುವ ಚೌಕಟ್ಟುಗಳು ಕಡಿಮೆ. ನೀರು ಕುಡಿದು ಕೆಡುವಂಥವು ಹೆಚ್ಚು. ಅಮೆರಿಕದಲ್ಲಿ ಈ ಹಲಗೆಗಳು ಅಂಗಳದ ನೆಲಹಾಸಾಗಿ ಜನಪ್ರಿಯವಾಗುತ್ತಿದ್ದ 1990ರ ದಶಕದಲ್ಲಿ, ಪ್ಲಾಸ್ಟಿಕ್ ಮೆತ್ತಿದ ನಾರಿಗೆ ನೀರು ತಗಲುವುದೇ ಇಲ್ಲ, ಆದ್ದರಿಂದ ಕೊಳೆಯುವುದೂ ಇಲ್ಲ ಎಂಬ ನಂಬಿಕೆಯಿತ್ತು. ಫ್ಲಾರಿಡಾದ ಕಾಲುದಾರಿಯೊಂದಕ್ಕೆ ಹಾಸಿದ ಇಂಥ ಹಲಗೆಗಳ ಮೇಲೆ ಮರ ಕೊಳೆಸುವ ಶಿಲೀಂಧ್ರ ಬೆಳೆದದ್ದನ್ನು 1998ರಲ್ಲಿ ಸಂಶೋಧಕರು ವರದಿಮಾಡಿದಾಗ ಆ ನಂಬಿಕೆ ಅಲುಗಾಡಿತು. ನಾರು ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ, ಪ್ರತಿ ಸುತ್ತಿಗೂ ಅದರ ಸುತ್ತಲಿನ ಪ್ಲಾಸ್ಟಿಕ್ಕಿನಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ, ಮುಂದಿನ ಸಲ ಆ ಬಿರುಕಿನಲ್ಲೇ ನೀರು ಬೇಗ ಬರುತ್ತದೆ. ಎರೆ ಹೊಲದಲ್ಲಿ ಗೋಡೆಗೆ ಆಗುವುದೇ ಇಲ್ಲಿ ಹಲಗೆಯ ಒಳಗೆ ಆಗುತ್ತಿದೆ. ವರ್ಷಕ್ಕೆ 3,500 ಮಿಲಿಮೀಟರ್ ದಾಟಿ ಮಳೆ ಸುರಿಯುವ ಮಂಗಳೂರಿನಲ್ಲೋ ಅದಕ್ಕೂ ಮೀರಿ ಸುರಿಯುವ ಆಗುಂಬೆಯಲ್ಲೋ ಈ ಸುತ್ತು ಹೇಗಿರುತ್ತದೆಂದು ಬೇರೆ ಹೇಳಬೇಕಾಗಿಲ್ಲ.

ಮಣ್ಣಿನ ಹಾಳೆ ಉಪಯೋಗಕ್ಕೆ ಬರುವುದು ಇಲ್ಲಿ. ನೀರಿನ ಕಣಕ್ಕೆ ಮಣ್ಣಿನ ಹಾಳೆಯನ್ನು ಭೇದಿಸಿ ಹೋಗಲಾಗದು. ಸುತ್ತಿ ಬಳಸಿ ಹೋಗಬೇಕು. ಹಾಳೆಗಳು ಹೆಚ್ಚಿದಷ್ಟೂ, ಅಗಲವಾದಷ್ಟೂ ದಾರಿ ಅಂಕುಡೊಂಕಾಗುತ್ತದೆ. 1967ರಲ್ಲಿ ಸಂಶೋಧಕ ಲಾರೆನ್ಸ್ ನೀಲ್ಸನ್ ಇದಕ್ಕೊಂದು ಸರಳ ಸೂತ್ರ ಕೊಟ್ಟರು. ಗಾತ್ರದ ಲೆಕ್ಕದಲ್ಲಿ ಶೇಕಡಾ 2ರಷ್ಟು, ಅಂದರೆ ತೂಕದಲ್ಲಿ ಸುಮಾರು 5ರಷ್ಟು ಮಣ್ಣು ಹಾಕಿದ್ದೇವೆ, ಹಾಳೆಗಳೆಲ್ಲ ಹಲಗೆಯ ಮೈಗೆ ಸಮನಾಗಿ ಮಲಗಿವೆ ಎಂದಿಟ್ಟುಕೊಳ್ಳಿ. ಅಗಲ ದಪ್ಪದ ನೂರರಷ್ಟಿದ್ದರೆ ನೀರು ಹಾದುಹೋಗುವ ಪ್ರಮಾಣ ಅರ್ಧಕ್ಕಿಳಿಯುತ್ತದೆ. ಅದೇ ಮಣ್ಣು, ಅದೇ ತೂಕ. ಆದರೆ ಹತ್ತು ಹಾಳೆ ಕಟ್ಟಿಕೊಂಡು ಒಂದಾಗಿ ಉಳಿದರೆ ಅಗಲ-ದಪ್ಪದ ಅನುಪಾತ ಹತ್ತಕ್ಕಿಳಿದು, ಹಾದುಹೋಗುವ ನೀರು ಕಡಿಮೆಯಾಗುವುದು ಹತ್ತರಲ್ಲೊಂದು ಪಾಲಿನಷ್ಟು ಮಾತ್ರ. ಬಿಡಿಸುವುದರಲ್ಲಿ ಸೋತವನು ಐದು ಕಿಲೋ ಹಾಕಿ ಅರ್ಧ ಕಿಲೋದ ಫಲ ಪಡೆಯುತ್ತಾನೆ. ಮಣ್ಣಿನ ಪ್ರಮಾಣ ಬರೆದ ಚೀಟಿ ಆದ್ದರಿಂದ ಹೆಚ್ಚೇನನ್ನೂ ಹೇಳುವುದಿಲ್ಲ. ‘ಹಾಗಿದ್ದರೆ ನಮ್ಮ ಎರೆ ಮಣ್ಣನ್ನೇ ಜರಡಿ ಹಿಡಿದು ಹಾಕಿದರಾಯಿತಲ್ಲ’ ಎಂದು ಕೇಳುವವರಿಗೂ ಉತ್ತರ ಇಲ್ಲಿಯೇ ಇದೆ. ಎರೆ ಮಣ್ಣಿನಲ್ಲಿ ಮರಳೂ ಇದೆ, ಸುಣ್ಣವೂ ಇದೆ. ಪಳಗಿಸದ ಮಾಂಟ್‌ಮೊರಿಲೊನೈಟ್ ಪ್ಲಾಸ್ಟಿಕ್ಕಿನಲ್ಲಿ ಬಿಚ್ಚಿಕೊಳ್ಳುವುದಿಲ್ಲ, ಮೇಲಾಗಿ ತಾನೇ ನೀರು ಹೀರುತ್ತದೆ. ಕಛ್, ಬಾರ್ಮೇರ್‌ನ ಗಣಿಗಳಲ್ಲಿ ಸಿಗುವ, ಇದೇ ಖನಿಜ ತುಂಬಿರುವ ಬೆಂಟೊನೈಟ್ ಮಣ್ಣು ನಮ್ಮಲ್ಲೇ ಯಥೇಚ್ಛವಾಗಿದ್ದರೂ, ಅದನ್ನು ನ್ಯಾನೊಕ್ಲೇ ಮಾಡುವ ಸಂಸ್ಕಾರಕ್ಕೇ ಹೆಚ್ಚಿನ ಖರ್ಚು.

ಇಲ್ಲಿ ಒಬ್ಬ ಜಾಣ ವಿರೋಧಿ ಎದ್ದು ನಿಲ್ಲಬಹುದು: ‘ನೀವು ಲೆಕ್ಕ ಹಾಕಿದ್ದು ನಾರಿಲ್ಲದ ಪ್ಲಾಸ್ಟಿಕ್ಕಿಗೆ. ಹಲಗೆಯಲ್ಲಿ ಅರ್ಧದಷ್ಟು ನಾರೇ ಇರುವಾಗ ನೀರು ಪ್ಲಾಸ್ಟಿಕ್ಕಿನ ಮೂಲಕ ಏಕೆ ಹೋಗಬೇಕು? ನಾರಿನಿಂದ ನಾರಿಗೆ ಹಾರಿ ಒಳಗೆ ಹೋಗುತ್ತದೆ.’ ಈ ಆಕ್ಷೇಪ ಸರಿ, ಮತ್ತು ನನ್ನ ವಾದಕ್ಕೆ ತಿರುವು ಕೊಡುವುದೂ ಇದೇ. ನಾರಿನ ಪ್ರಮಾಣ ಒಂದು ಮಿತಿ ದಾಟಿ ನಾರುಗಳು ಒಂದಕ್ಕೊಂದು ತಾಗತೊಡಗಿದರೆ ನೀರಿಗೆ ಹೆದ್ದಾರಿಯೇ ಸಿಕ್ಕಂತೆ. ಪಕ್ಕದ ಗದ್ದೆಗೆ ಎಷ್ಟು ಬೇಲಿ ಹಾಕಿದರೇನು. ನಾರಿಗೂ ಪ್ಲಾಸ್ಟಿಕ್ಕಿಗೂ ನಡುವೆ ಅಂಟು ಸರಿಯಿಲ್ಲದೆ ಸಂದಿ ಉಳಿದರೂ ಅಷ್ಟೇ. ಇಡೀ ಹಲಗೆಗೆ ಮಣ್ಣು ಬೆರೆಸುವ ರೂಢಿ ಅದಕ್ಕೇ ದುಂದು ಎನ್ನುತ್ತೇನೆ. ಈಗ ಒಳ್ಳೆಯ ಹಲಗೆಗಳಿಗೆ ಎರಡು ಎಕ್ಸ್‌ಟ್ರೂಡರ್ ಜೋಡಿಸಿ, ಒಳಗೆ ನಾರಿನ ತಿರುಳು, ಹೊರಗೆ ನಾರಿಲ್ಲದ ಪ್ಲಾಸ್ಟಿಕ್ಕಿನ ತೆಳು ತೊಗಲು ಬರುವಂತೆ ಒತ್ತುವ ವಿಧಾನ ಬಳಕೆಯಲ್ಲಿದೆ. ಮಣ್ಣು ಇರಬೇಕಾದ ಜಾಗ ಆ ತೊಗಲು. ಅಲ್ಲಿ ನಾರಿನ ಅಡ್ಡದಾರಿಯಿಲ್ಲ, ನೀಲ್ಸನ್ ಲೆಕ್ಕ ಅಲ್ಲಿ ಹೆಚ್ಚುಕಡಿಮೆ ನಿಲ್ಲುತ್ತದೆ, ಒತ್ತುವ ಅಚ್ಚಿನ ಬಾಯಲ್ಲಿ ಹರಿವಿನ ದಿಕ್ಕಿಗೆ ಹಾಳೆಗಳು ಮಲಗುವುದೂ ಸುಲಭ. ತೊಗಲು ಹಲಗೆಯ ಒಂದು ಸಣ್ಣ ಪಾಲು ಮಾತ್ರ ಆದ್ದರಿಂದ ಮಣ್ಣಿನ ಖರ್ಚೂ ಅದೇ ಪಾಲಿಗೆ ಇಳಿಯುತ್ತದೆ. ಬೆಲೆಯ ಆಕ್ಷೇಪಕ್ಕೆ ನನಗೆ ತೋಚುವ ಪ್ರಾಮಾಣಿಕ ಉತ್ತರ ಇದೊಂದೇ.

ತಡೆ ಎಂದೆನಲ್ಲ, ನಿಜವಾಗಿ ಅದು ತಡ. ಎಷ್ಟೇ ಮಣ್ಣು ಹಾಕಿದರೂ ನಾರಿನ ಹೈಡ್ರಾಕ್ಸಿಲ್‌ಗಳ ಸಂಖ್ಯೆ ಕಡಿಮೆಯಾಗುವುದಿಲ್ಲ. ವರ್ಷಗಟ್ಟಲೆ ನೀರಿನಲ್ಲಿ ಮುಳುಗಿಸಿಟ್ಟರೆ ಹಲಗೆ ಕೊನೆಗೆ ಕುಡಿಯುವ ನೀರು ಹೆಚ್ಚುಕಡಿಮೆ ಅಷ್ಟೇ. ‘ಅಂದಮೇಲೆ ಏನು ಪ್ರಯೋಜನ’ ಎಂದರೆ, ನಮ್ಮ ಋತುಮಾನವೇ ಪ್ರಯೋಜನ. ನೀರು ಹಲಗೆಯ ನಡುವಿಗೆ ತಲುಪಲು ಬೇಕಾದ ಕಾಲ ದಪ್ಪದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ: ದಪ್ಪ ಎರಡರಷ್ಟಾದರೆ ಕಾಲ ನಾಲ್ಕರಷ್ಟು. ಬೆರಳು ದಪ್ಪದ ಒಳ್ಳೆಯ ಹಲಗೆಗೆ ಅದು ತಿಂಗಳುಗಳ ಲೆಕ್ಕ. ಕರಾವಳಿಯ ಮುಂಗಾರಿನ ಅವಧಿಯೂ ಜೂನಿನಿಂದ ಸೆಪ್ಟೆಂಬರಿನವರೆಗೆ ತಿಂಗಳುಗಳ ಲೆಕ್ಕವೇ. ಎರಡೂ ಒಂದೇ ಅಳತೆಯವಾಗಿರುವಾಗ ನೀರಿನ ನಡೆಯನ್ನು ಅರ್ಧಕ್ಕಿಳಿಸಿದರೆ, ತಿರುಳು ತೊಯ್ಯುವ ಮೊದಲೇ ಮಳೆ ಮುಗಿದು ಹಲಗೆ ಒಣಗತೊಡಗುತ್ತದೆ. ಮೂರು ಮಿಲಿಮೀಟರಿನ ತೆಳು ತಗಡಿನಂಥ ಹಾಳೆಗೆ ಈ ಲಾಭವಿಲ್ಲ. ಅದು ಹೇಗೂ ಮೊದಲ ಮಳೆಗಳಲ್ಲೇ ತೊಯ್ಯುತ್ತದೆ. ಪ್ರಯೋಗಾಲಯಗಳಲ್ಲಿ ರೂಢಿಯಾಗಿರುವ 24 ಗಂಟೆಯ ನೀರು ಹೀರುವ ಪರೀಕ್ಷೆ ಈ ವ್ಯತ್ಯಾಸವನ್ನು ತೋರಿಸಲಾರದು. ಅಷ್ಟು ಹೊತ್ತಿನಲ್ಲಿ ಒಳ್ಳೆಯ ಹಲಗೆಯೂ ಸಾಧಾರಣ ಹಲಗೆಯೂ ಬರೀ ಮೇಲ್ಮೈ ನೆನೆಸಿಕೊಂಡಿರುತ್ತವೆ. ಮಾರುವವರು ತೋರಿಸುವ ಅಂಕಿ ಹೆಚ್ಚಾಗಿ ಅದೇ ಆಗಿರುವುದು ಕಾಕತಾಳೀಯವಿರಲಾರದು. ಕೊಳ್ಳುವ ಸರ್ಕಾರಿ ಇಲಾಖೆಗಳು ಕೇಳಬೇಕಾದದ್ದು ಹಲವು ವಾರ ನೆನೆಸಿ, ಒಣಗಿಸಿ, ಮತ್ತೆ ನೆನೆಸಿದ ಮೇಲೆ ಉಳಿದ ಬಲ ಎಷ್ಟು ಎಂಬುದನ್ನು.

ನೀರಿನ ಕಡೆಯ ಈ ಲಾಭವನ್ನು ಬಿಸಿಲು ಕಿತ್ತುಕೊಳ್ಳಬಲ್ಲದು ಎಂಬುದನ್ನು ನ್ಯಾನೊಕ್ಲೇ ಪರ ಮಾತಾಡುವವರು ಅಪರೂಪಕ್ಕೆ ಹೇಳುತ್ತಾರೆ. ಮಣ್ಣು ಬೆರೆಸಿದ ಪಾಲಿಪ್ರೊಪಿಲೀನ್ ನೇರಳಾತೀತ ಕಿರಣದಡಿ ಬೆರೆಸದ್ದಕ್ಕಿಂತ ಬೇಗ ಕೆಡುತ್ತದೆ ಎಂದು ಹಲವು ಪ್ರಯೋಗಗಳು ತೋರಿಸಿವೆ. ಮಣ್ಣಿನಲ್ಲಿ ಸಹಜವಾಗಿರುವ ಕಬ್ಬಿಣದ ಅಂಶ ಮತ್ತು ಕಳಚಿದ ಅಮೋನಿಯಂ ಬಾಲಗಳು ಆ ಕೆಡುಕಿಗೆ ವೇಗ ಕೊಡುತ್ತವೆ. ಬಿಸಿಲಿನಿಂದ ಕಾಪಾಡಲು ಹಾಕಿದ ರಾಸಾಯನಿಕಗಳಲ್ಲೂ ಒಂದಿಷ್ಟನ್ನು ಮಣ್ಣು ತನ್ನ ಮೈಗೆ ಅಂಟಿಸಿಕೊಂಡು ನಿಷ್ಪ್ರಯೋಜಕ ಮಾಡುತ್ತದೆ. ಮರುಬಳಕೆಯ ಪಾಲಿಪ್ರೊಪಿಲೀನ್ ಅಂತೂ ಹಿಂದಿನ ಜನ್ಮದಲ್ಲೇ ಬಿಸಿಲು ಕಂಡದ್ದು, ಪ್ರತಿ ಸಲ ಕರಗಿಸಿದಾಗಲೂ ಅದರ ಸರಪಳಿಗಳು ತುಂಡಾಗಿರುತ್ತವೆ. ಹೀಗಿರುವಾಗ ಬಳ್ಳಾರಿ, ರಾಯಚೂರಿನ ಬಿಸಿಲಿಗೆ ಒಡ್ಡಿದ ಉದ್ಯಾನದ ಬೆಂಚಿನ ತೊಗಲಿಗೆ ಮಣ್ಣು ಹಾಕುವುದು ಕೊಡೆಗೆ ತೂತು ಕೊರೆದಂತೆ. ಕಪ್ಪು ಇದ್ದಿಲಿನ ಬಣ್ಣ, ಹೆಚ್ಚಿನ ರಕ್ಷಕ ರಾಸಾಯನಿಕ ಹಾಕಿ ಸರಿದೂಗಿಸಬಹುದು. ಆದರೆ ಆಗ ಮಣ್ಣಿನಿಂದ ಬಂದ ಲಾಭಕ್ಕಿಂತ ಅದರ ಉಪಚಾರದ ಖರ್ಚೇ ಹೆಚ್ಚಾಗಬಹುದು. ಆದ್ದರಿಂದ ಈ ಹಲಗೆಗೆ ಸರಿಯಾದ ಜಾಗ ಒದ್ದೆ ಇರುವ, ಬಿಸಿಲು ಬೀಳದ ಜಾಗ: ಬಚ್ಚಲ ಬಾಗಿಲು, ಅಡುಗೆಮನೆಯ ಸಿಂಕಿನ ಕೆಳಗಿನ ಕಪಾಟು, ಮಲೆನಾಡಿನ ಮನೆಯ ಒಳಚೌಕಟ್ಟು. ಜಾಹೀರಾತುಗಳಲ್ಲಿ ಕಾಣುವ ತೆರೆದ ಅಂಗಳ, ಈಜುಕೊಳದ ದಂಡೆ ಅಲ್ಲ.

ಬೆಂಕಿಯ ವಿಷಯ ಚಿಕ್ಕದಾಗಿ ಹೇಳಿದರೆ ಸಾಕು. ಉರಿಯುವಾಗ ಮಣ್ಣಿನ ಹಾಳೆಗಳು ಮೇಲ್ಮೈಯಲ್ಲಿ ಸೇರಿ ಕರಿಯ ಹೊಪ್ಪಳೆಯಾಗಿ ನಿಲ್ಲುತ್ತವೆ, ಜ್ವಾಲೆಯ ಗರಿಷ್ಠ ಶಾಖ ಗಣನೀಯವಾಗಿ ಇಳಿಯುತ್ತದೆ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ ಪ್ರಯೋಗಗಳಲ್ಲಿ ನೈಲಾನಿನಂಥ ಪ್ಲಾಸ್ಟಿಕ್ಕುಗಳಲ್ಲಿ ಅದು ಅರ್ಧಕ್ಕಿಂತ ಕಡಿಮೆಯಾದದ್ದೂ ಉಂಟು. ಆದರೆ ಹೊರಬೀಳುವ ಒಟ್ಟು ಶಾಖ ಹೆಚ್ಚೇನೂ ಬದಲಾಗುವುದಿಲ್ಲ. ಹಲಗೆ ನಿಧಾನವಾಗಿ ಉರಿಯುತ್ತದೆ, ಆದರೆ ಉರಿಯುತ್ತದೆ. ಇಲ್ಲಿಯೂ ಮಣ್ಣು ಕೊಡುವುದು ತಡ. ಮನೆಯವರು ಹೊರಗೋಡಲು ಆ ತಡ ಬೆಲೆಯುಳ್ಳದ್ದು, ‘ಅಗ್ನಿನಿರೋಧಕ’ ಎಂಬ ಚೀಟಿ ಅಂಟಿಸಲು ಅಲ್ಲ.

ಪರಿಸರದ ಕಡೆಯಿಂದ ಬರುವ ಆಕ್ಷೇಪ ಇವೆಲ್ಲಕ್ಕಿಂತ ತೂಕದ್ದು. ಮಣ್ಣಿಗೆ ಮರಳಬಹುದಾಗಿದ್ದ ನಾರನ್ನೂ ಮತ್ತೆ ಕರಗಿಸಬಹುದಾಗಿದ್ದ ಪ್ಲಾಸ್ಟಿಕ್ಕನ್ನೂ ಬೆರೆಸಿ, ಎರಡಕ್ಕೂ ಮರಳದ ವಸ್ತುವೊಂದನ್ನು ಮಾಡುತ್ತೇವೆ. ಮೇಲೆ ಮಣ್ಣನ್ನೂ ಸೇರಿಸಿ ಗಂಟನ್ನು ಇನ್ನಷ್ಟು ಬಿಗಿಮಾಡುತ್ತೇವೆ. ಇದನ್ನು ಅಲ್ಲಗಳೆಯಲಾಗದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಲೆಕ್ಕದಲ್ಲಿ 2020–21ರಲ್ಲಿ ದೇಶದಲ್ಲಿ ಹುಟ್ಟಿದ ಪ್ಲಾಸ್ಟಿಕ್ ತ್ಯಾಜ್ಯ ಸುಮಾರು 41 ಲಕ್ಷ ಟನ್. ಅದರಲ್ಲಿ ಸ್ವಚ್ಛವಾದ, ಒಂದೇ ಬಗೆಯ ಎಚ್‌ಡಿಪಿಇ ಡಬ್ಬಗಳಿಗೆ ಗುಜರಿಯಲ್ಲಿ ಈಗಾಗಲೇ ಬೆಲೆಯಿದೆ, ಮತ್ತೆ ಡಬ್ಬವಾಗುವ ಯೋಗವೂ ಇದೆ. ಅಂಥದ್ದನ್ನು ಕಸಿದು ಹಲಗೆ ಮಾಡಿ ‘ಹಸಿರು’ ಎನ್ನುವುದು ಸಲ್ಲದು. ಎರಡು ಬಗೆ ಬೆರೆತು, ಬಣ್ಣ ಕೆಟ್ಟು, ಯಾರೂ ಕೊಳ್ಳದ ಪಾಲಿನಿಂದ ಹಲಗೆ ಮಾಡಿದರೆ ಮಾತ್ರ ಈ ಬೆರಕೆಗೆ ಸಮರ್ಥನೆ ಸಿಗುತ್ತದೆ. ಆಗಲೂ ಅದು ಹಲಗೆಯ ಆಯುಸ್ಸಿನ ಮೇಲೆ ನಿಂತಿದೆ. ಹಿಂತಿರುಗದ ವಸ್ತು ಐದು ವರ್ಷಕ್ಕೆ ಉಬ್ಬಿ ಬಿರಿದು ತಿಪ್ಪೆ ಸೇರಿದರೆ ಕಸವನ್ನು ವೇಷ ಬದಲಿಸಿ ಮುಂದೂಡಿದಂತಷ್ಟೇ. ಇಪ್ಪತ್ತು ವರ್ಷ ಬಾಳಿದರೆ ಅಷ್ಟು ಮರವನ್ನೂ ಅಷ್ಟು ಪ್ಲೈವುಡ್ಡನ್ನೂ ಉಳಿಸಿದಂತೆ. ಆಯುಸ್ಸನ್ನು ತೀರ್ಮಾನಿಸುವುದು ನೀರು ಎಂದು ಮೇಲೆ ಹೇಳಿದ್ದು ನಿಜವಾದರೆ, ಪರಿಸರವಾದಿಯ ಆಕ್ಷೇಪ ಮಣ್ಣಿನ ವಿರುದ್ಧಕ್ಕಿಂತ ಮಣ್ಣನ್ನು ತಪ್ಪು ಕಾರಣಕ್ಕೆ, ತಪ್ಪು ಜಾಗಕ್ಕೆ ಹಾಕುವುದರ ವಿರುದ್ಧ ನಿಲ್ಲುತ್ತದೆ. ಕಾರ್ಖಾನೆಯಲ್ಲಿ ಪುಡಿಯ ಚೀಲ ಬಿಚ್ಚಿ ಸುರಿಯುವ ಕೆಲಸಗಾರನ ಶ್ವಾಸಕೋಶದ ಮಾತು ಬೇರೆ. ಬೆಂಟೊನೈಟಿನ ದೂಳಿನಲ್ಲಿ ಸ್ಫಟಿಕ ಸಿಲಿಕಾ ಇರಬಹುದು, ಅದು ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯವಾಗಿ ಗುರುತಿಸಿದ ವಸ್ತು. ಹಲಗೆಯಲ್ಲಿ ಸೆರೆಯಾದ ಮೇಲೆ ಹಾರದ ದೂಳು, ಸುರಿಯುವ ಹೊತ್ತಿನಲ್ಲಿ ಹಾರುತ್ತದೆ. ಮಣ್ಣನ್ನು ಮೊದಲೇ ಪ್ಲಾಸ್ಟಿಕ್ಕಿನಲ್ಲಿ ದಟ್ಟವಾಗಿ ಬೆರೆಸಿದ ಮಾಸ್ಟರ್‌ಬ್ಯಾಚ್ ಹರಳುಗಳನ್ನು ಕೊಳ್ಳುವುದು ದುಬಾರಿ, ಆದರೆ ಸಣ್ಣ ಘಟಕಗಳಿಗೆ ಬೇರೆ ದಾರಿ ಇರಬಾರದು. ಹಾಗೆ ಮಾಡಿದಾಗ ಹಾಳೆಗಳು ಬಿಡಿಸಿಕೊಳ್ಳುವುದೂ ಸುಧಾರಿಸುತ್ತದೆ.

ಊಟದ ಎಲೆಗೆ ಉಪ್ಪಿನಕಾಯಿ ಬಡಿಸುವಂತೆ ಈ ಮಣ್ಣಿಗೆ ಒಂದು ಸರದಿ ಇದೆ. ನಾರು ಚೆನ್ನಾಗಿ ಒಣಗಿರಬೇಕು. ಮಾಮೂಲಿ ಗಾಳಿಯಲ್ಲಿಟ್ಟ ನಾರಿನಲ್ಲಿ ತೂಕದ ಎಂಟು-ಹತ್ತು ಶೇಕಡಾ ನೀರೇ ಇರುತ್ತದೆ, ಅದು ಯಂತ್ರದಲ್ಲಿ ಆವಿಯಾಗಿ ಹಲಗೆಯೊಳಗೆ ಗುಳ್ಳೆ ಬಿಡುತ್ತದೆ. ಪ್ಲಾಸ್ಟಿಕ್ಕನ್ನು ತೊಳೆದು, ಪೆಟ್‌ನಂಥ ಒದಗದ ಬಗೆಗಳನ್ನು ತೆಗೆದಿರಬೇಕು. ನಾರು ಒಂದಕ್ಕೊಂದು ತಾಗದ ಮಿತಿಯಲ್ಲಿರಬೇಕು, ಸಂಧಾನಕಾರ ಸಾಕಷ್ಟಿರಬೇಕು. ಇಷ್ಟೂ ಆದ ಮೇಲೆ ತೊಗಲಿಗೆ ಮೂರರಿಂದ ಐದು ಶೇಕಡಾ ಮಣ್ಣು. ಇವುಗಳಲ್ಲಿ ಒಂದನ್ನು ಬಿಟ್ಟು ಕೊನೆಯದನ್ನು ಹಾಕಿದವರ ಹಲಗೆಯೂ ಪ್ರಯೋಗಾಲಯದಲ್ಲಿ ಗಡಸಾಗಿಯೇ ಕಾಣುತ್ತದೆ, ತೊಂದರೆ ಇರುವುದು ಅಲ್ಲೇ. ಇನ್ನು ಬಡಗಿಯ ಪಾಲಿನದೊಂದು ಉಳಿಯುತ್ತದೆ. ಬಚ್ಚಲ ಬಾಗಿಲಿನ ಚೌಕಟ್ಟನ್ನು ಗರಗಸದಿಂದ ಅಳತೆಗೆ ಕೊಯ್ದ ಕ್ಷಣ, ತೊಗಲಿಲ್ಲದ ತಿರುಳು ಕಾಲಿನ ಬುಡದಲ್ಲಿ ಬಾಯಿ ತೆರೆದು ನಿಲ್ಲುತ್ತದೆ. ನೀರು ನಿಲ್ಲುವುದೂ ಅಲ್ಲಿಯೇ. ಆ ತುದಿಗೆ ಎಪಾಕ್ಸಿಯನ್ನೋ ಮೇಣವನ್ನೋ ಬಳಿಯದೆ ಸಿಮೆಂಟಿನಲ್ಲಿ ಹೂತರೆ, ಮೇಲೆ ಆರಡಿ ಉದ್ದಕ್ಕೂ ಮಲಗಿರುವ ನ್ಯಾನೊ ಹಾಳೆಗಳನ್ನು ನೀರು ಮುಟ್ಟುವುದೇ ಇಲ್ಲ, ಕೆಳಗಿನಿಂದ ನೇರವಾಗಿ ನಾರು ಹಿಡಿದು ಹತ್ತುತ್ತದೆ.